ಉಪಕಾರ ಸ್ಮರಣೆ: ಕಲ್ಲಿನಲ್ಲಿ ಬರೆದಿಟ್ಟ ಮನೆಯ ಮಾತು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

ಶ್ರೀ ವೀತರಾಗಾಯ ನಮಃ

 

ಪಂಚಕಲ್ಯಾಣ ಮಹೋತ್ಸವವು ತಾಯಿಯಿಂದ ಆರಂಭವಾಗುತ್ತದೆ. ಗರ್ಭಾವತರಣ ಕಲ್ಯಾಣದಂದು ಜಿನಮಾತೆಯು ಕಂಡ ಹದಿನಾರು ಸ್ವಪ್ನಗಳ ವರ್ಣನೆ ನಡೆದ ತರುವಾಯವೇ ಮುಂದಿನ ವಿಧಿಗಳು. ಮೇರುಪರ್ವತದಲ್ಲಿ ಜನ್ಮಾಭಿಷೇಕವನ್ನು ಮುಗಿಸಿ ಮರಳಿದ ಸೌಧರ್ಮೇಂದ್ರನು ಶಿಶುವನ್ನು ಮಾತಾಪಿತೃಗಳ ಬಳಿಗೆ ಸೇರಿಸಿ, ಅವರನ್ನು ಗೌರವಿಸಿ, ಆನಂದನೃತ್ಯ ಮಾಡುತ್ತಾನೆ. ಸಕಲ ಬಂಧನಗಳನ್ನೂ ಕಳಚಿದ ವೀತರಾಗನ ಬಿಂಬಪ್ರತಿಷ್ಠೆಯಲ್ಲಿ ತಾಯಿತಂದೆಗಳಿಗೆ ಇಷ್ಟೊಂದು ಸ್ಥಾನವೇಕೆ, ಮನೆಯವರ ನೆನಪು ಮೋಹವಲ್ಲವೇ ಎಂದು ತರುಣರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದದ್ದು. ಇದಕ್ಕೆ ಪೂರ್ವಿಕರು ಬರಿಯ ಮಾತಿನಲ್ಲಿ ಉತ್ತರ ಹೇಳಲಿಲ್ಲ. ಬದುಕಿ ತೋರಿಸಿ, ಕಲ್ಲಿನಲ್ಲಿ ಬರೆಸಿಟ್ಟರು. ಅಂತಹ ಕೆಲವು ಮನೆತನಗಳ ಕಥೆಯನ್ನು ಸ್ಮರಿಸುವುದೇ ಈ ಭಾಷಣದ ಉದ್ದೇಶ.

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರು ಅಲ್ಲಿಯ ಶಾಸನ ಬಸದಿಯನ್ನು ನೋಡಿರಬಹುದು. ಬಾಗಿಲ ಬಳಿಯಿರುವ ಶಾಸನದಿಂದಲೇ ಅದಕ್ಕೆ ಆ ಹೆಸರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ರಾತ್ರಿಯಲ್ಲಿ ಎರಗಿ ಗೆದ್ದ ಸಂಗತಿ ಅದರಲ್ಲಿದೆ. ಸಂತುಷ್ಟನಾದ ಅರಸನು ಬೇಕಾದುದನ್ನು ಬೇಡೆಂದನು. ಸೀಮೆಯನ್ನು ಬೇಡಬಹುದಾಗಿತ್ತು, ಪದವಿಯನ್ನು ಬೇಡಬಹುದಾಗಿತ್ತು. ಗಂಗರಾಜನು ಪರಮ ಎಂಬ ಒಂದು ಗ್ರಾಮವನ್ನು ಬೇಡಿದನು. ಅದನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಕಟ್ಟಿಸಿದ ಜಿನಾಲಯಗಳ ಪೂಜೆಗೆಂದು ದತ್ತಿ ಬಿಟ್ಟನು. ಇದು 1118ರ ಸುಮಾರಿನ ಸಂಗತಿ. ತಲಕಾಡಿನ ವಿಜಯಕ್ಕಾಗಿ ದೊರೆತ ಗೋವಿಂದವಾಡಿಯನ್ನೂ ಗೊಮ್ಮಟದೇವರ ಪೂಜೆಗೆ ಬಿಟ್ಟನು. ಅದೇ ಬೆಟ್ಟದಲ್ಲಿ ಕತ್ತಲೆ ಬಸದಿಯಿದೆ. ಅಲ್ಲಿಯ ಆದಿನಾಥಸ್ವಾಮಿಯ ಪೀಠದ ಬರಹವು, ಗಂಗರಾಜನು ಅದನ್ನು ತನ್ನ ತಾಯಿ ಪೋಚವ್ವೆಗಾಗಿ ಮಾಡಿಸಿದನೆಂದು ಹೇಳುತ್ತದೆ. ಪೋಚಲದೇವಿ, ಪೋಚಿಕಬ್ಬೆ, ಪೋಚವ್ವೆ: ಎಲ್ಲವೂ ಒಬ್ಬಳೇ ತಾಯಿಯ ಹೆಸರುಗಳು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಪರಮ ಗ್ರಾಮದ ದತ್ತಿ ನಡೆದಾಗ ಆ ತಾಯಿಯು ಬದುಕಿದ್ದಳು. ಆಕೆ ಸಲ್ಲೇಖನಾವ್ರತದಿಂದ ದೇಹವನ್ನು ತ್ಯಜಿಸಿದುದು ಎರಡು ಮೂರು ವರ್ಷಗಳ ತರುವಾಯ. ಆಮೇಲೆ ಮಗನು ನಿಷಿಧಿಯನ್ನು ನಿಲ್ಲಿಸಿದನು. ಮಡದಿ ಲಕ್ಷ್ಮೀಮತಿಯೂ ಅದೇ ಕಾಲದಲ್ಲಿ ಸಮಾಧಿಮರಣವನ್ನು ಹೊಂದಿದಾಗ ಆಕೆಗೂ ನಿಷಿಧಿ ನಿಂತಿತು. ಆಕೆ ಕಟ್ಟಿಸಿದ ಎರಡುಕಟ್ಟೆ ಬಸದಿಯಲ್ಲಿ ಯಾತ್ರಿಕರು ಈಗಲೂ ಆದಿನಾಥಸ್ವಾಮಿಯ ದರ್ಶನ ಪಡೆಯುತ್ತಾರೆ. ಅಂದರೆ ನಿಷಿಧಿಯ ಕಲ್ಲು ಕಡೆಯದು. ಅದಕ್ಕೆ ಮೊದಲು, ಹೆತ್ತವಳ ಕಣ್ಣಮುಂದೆಯೇ, ಆಕೆಯ ಮನಸ್ಸಿಗೆ ಪ್ರಿಯವಾದ ಕಾರ್ಯವನ್ನು ಮಗನು ತನ್ನ ಗೆಲುವಿನ ಫಲದಿಂದ ನಡೆಸಿಕೊಟ್ಟಿದ್ದನು.

ಈ ಮನೆಯ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ರಾಜಧಾನಿ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಜಿನಾಲಯವನ್ನು ಕಟ್ಟಿಸಿದನು. 1133ರಲ್ಲಿ ಪ್ರತಿಷ್ಠೆ ನಡೆಯಿತು. ದ್ರೋಹಘರಟ್ಟ ಜಿನಾಲಯವೆಂಬ ಅದರ ಹೆಸರು ತಂದೆಯ ಬಿರುದಿನಿಂದ ಬಂದದ್ದು. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದು ಕೊಟ್ಟರು. ಅರಸನಿಗೆ ಆಗತಾನೆ ಯುದ್ಧದಲ್ಲಿ ಜಯವಾಗಿತ್ತು, ಪುತ್ರೋತ್ಸವವೂ ಆಗಿತ್ತು. ಆ ಸಂತೋಷದಲ್ಲಿ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ತಾಯಿಗಾಗಿ ಬಸದಿಯನ್ನು ಎತ್ತಿಸಿದ ತಂದೆಯನ್ನು ನೋಡಿ ಬೆಳೆದ ಮಗನಿಗೆ, ತಂದೆಯನ್ನು ಹೇಗೆ ನೆನೆಯಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೃತಜ್ಞತೆಯು ಉಪದೇಶದಿಂದ ಬರುವುದಕ್ಕಿಂತ ಮನೆಯ ನಡೆಯಿಂದ ಬರುವುದೇ ಹೆಚ್ಚು.

ಅಣ್ಣತಮ್ಮಂದಿರ ವಿಷಯಕ್ಕೆ ಬಂದರೆ ಕನ್ನಡ ನಾಡು ಎಂದೂ ಮರೆಯಬಾರದ ಹೆಸರು ಜಿನವಲ್ಲಭನದು. ಅವನು ಆದಿಕವಿ ಪಂಪನ ತಮ್ಮ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ ಕುರ್ಕ್ಯಾಲದ ಹತ್ತಿರ ಬೊಮ್ಮಲಗುಟ್ಟವೆಂಬ ಬೆಟ್ಟವಿದೆ. ಅಲ್ಲಿ ಅವನು ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಬಂಡೆಯಲ್ಲಿ ಕಂಡರಿಸಿ, ಕೆಳಗೆ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಸಿದನು. ಅದರಲ್ಲಿ ತಂದೆ ಭೀಮಪಯ್ಯನ ಹೆಸರಿದೆ, ತಾಯಿ ಅಬ್ಬಣಬ್ಬೆಯ ಹೆಸರಿದೆ, ಅಣ್ಣನ ಕೀರ್ತಿಯಿದೆ, ಅಣ್ಣನಿಗೆ ಅರಿಕೇಸರಿಯು ಧರ್ಮಪುರವನ್ನು ಕೊಟ್ಟ ವಿಷಯವಿದೆ. ತಾನು ತೋಡಿಸಿದ ಕೆರೆಗೆ ಜಿನವಲ್ಲಭನು ತನ್ನ ಹೆಸರನ್ನು ಇಡಲಿಲ್ಲ. ಅಣ್ಣನ ಬಿರುದಿನಿಂದ ಕವಿತಾಗುಣಾರ್ಣವವೆಂದು ಕರೆದನು. 941ರಲ್ಲಿ ಆದಿಪುರಾಣವನ್ನು ರಚಿಸಿದ ಮಹಾಕವಿಯ ತಾಯಿ ಯಾರೆಂದು ಇಂದು ಶಾಲೆಯ ಮಕ್ಕಳು ಹೇಳಬಲ್ಲರಾದರೆ, ಅದಕ್ಕೆ ತಮ್ಮನೊಬ್ಬನ ಅಭಿಮಾನವೇ ಕಾರಣ. ಆಸ್ತಿಯ ಹಂಚಿಕೆಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತುವ ಕಾಲದಲ್ಲಿ, ಅಣ್ಣನ ಹೆಸರಿನ ಕೆರೆಯ ನೀರನ್ನು ಊರಿಗೆ ಕೊಟ್ಟ ಈ ತಮ್ಮನ ಕಥೆ ಪ್ರತಿ ಮನೆಯಲ್ಲಿಯೂ ಹೇಳತಕ್ಕದ್ದು.

ಇನ್ನು ಹೆಣ್ಣುಮಕ್ಕಳ ಮಾತು. ಮಲ್ಲಪ, ಪುನ್ನಮಯ್ಯ ಎಂಬ ಸಹೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಸಿದರು. ಆ ಮಲ್ಲಪನ ಮಗಳೇ ದಾನಚಿಂತಾಮಣಿ ಅತ್ತಿಮಬ್ಬೆ. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ನಾಗದೇವನಿಗೆ ಕೊಟ್ಟಿದ್ದರು. ನಾಗದೇವನು ಯುದ್ಧದಲ್ಲಿ ಮಡಿದನು. ತಂಗಿ ಸಹಗಮನ ಮಾಡಿದಳು. ಒಂದೇ ಸಲಕ್ಕೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯು ಮಗನನ್ನು ಸಾಕುತ್ತಾ, ವ್ರತನಿಯಮಗಳಲ್ಲಿ ಬದುಕಿದಳು. ದುಃಖವನ್ನು ಎದೆಯಲ್ಲಿ ಹೊತ್ತು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಕೆ ಮಾಡಿದ್ದು ಬೇರೆ. ತಂದೆ ಮತ್ತು ಚಿಕ್ಕಪ್ಪ ಬರೆಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಲಿಪಿಕಾರನು ಕಂಟದಿಂದ ಕೊರೆಯಬೇಕು. ತವರಿನ ನೆನಪನ್ನು ಪೆಟ್ಟಿಗೆಯಲ್ಲಿ ಭದ್ರಪಡಿಸುವ ಬದಲು ಸಾವಿರ ಮನೆಗಳಿಗೆ ಕಳುಹಿಸಿದ ಮಗಳು ಆಕೆ. 1500 ಜಿನಬಿಂಬಗಳನ್ನು ಮಾಡಿಸಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಜಿನಾಲಯದ ಶಾಸನವು 1007ರದು.

ಆಕೆಯಿಂದ ಉಪಕಾರ ಪಡೆದವನು ಕವಿ ರನ್ನ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಅವನಿಗೆ ಚಾವುಂಡರಾಯನೂ ಅತ್ತಿಮಬ್ಬೆಯೂ ಆಶ್ರಯವಿತ್ತರು. 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ರನ್ನನು ತನ್ನ ಮಗನನ್ನು ರಾಯನೆಂದೂ ಮಗಳನ್ನು ಅತ್ತಿಮಬ್ಬೆಯೆಂದೂ ಕರೆದನು. ಕವಿಚಕ್ರವರ್ತಿಯಾದವನಿಗೆ ಪದಗಳ ಬರವಿರಲಿಲ್ಲ. ಆದರೂ ಉಪಕಾರಿಗಳ ಹೆಸರು ತನ್ನ ಮನೆಯ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರಲೆಂದು ಅವನು ಬಯಸಿದನು.

ಈಗ ತರುಣರ ಪ್ರಶ್ನೆಗೆ ಮರಳಬಹುದು. ಮೋಹಕ್ಕೂ ಕೃತಜ್ಞತೆಗೂ ಇರುವ ಭೇದವನ್ನು ವ್ಯಾಪಾರಿಗಳು ಸುಲಭವಾಗಿ ತಿಳಿಯಬಲ್ಲರು. ಸಾಲ ಕೊಟ್ಟವನು ತೀರಿಹೋದರೆ ಸಾಲ ತೀರಿತೆಂದು ಪ್ರಾಮಾಣಿಕನಾದ ವರ್ತಕನು ಲೆಕ್ಕವನ್ನು ಹೊಡೆದುಹಾಕುವುದಿಲ್ಲ. ವಾರಸುದಾರರನ್ನು ಹುಡುಕಿ ಸಲ್ಲಿಸುತ್ತಾನೆ. ತಾಯಿತಂದೆಗಳ ಋಣಕ್ಕೆ ವಾರಸುದಾರರು ಯಾರು? ಊರಿನ ಹಸಿದವರು, ಓದುವ ಮಕ್ಕಳು, ಬಸದಿಗೆ ಬರುವ ಶ್ರಾವಕರು, ನೀರಿಗೆ ಬರುವ ದನಕರು. ಕಳೆದುಹೋದವರನ್ನು ಹಿಡಿದಿಟ್ಟುಕೊಳ್ಳಬೇಕೆಂದು ಹಂಬಲಿಸುವುದು ಮೋಹ. ಅವರಿಂದ ಬಂದದ್ದನ್ನು ಮುಂದಿನವರಿಗೆ ದಾಟಿಸುವುದು ಕೃತಜ್ಞತೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೇ ಅವುಗಳ ಧರ್ಮವೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ್ದಾರೆ. ಆ ಉಪಕಾರದ ಮೊದಲ ಪಾಠಶಾಲೆ ಮನೆಯೇ.

ದಂಡನಾಯಕರಿಗೂ ಕವಿಗಳಿಗೂ ಇದು ಸಾಧ್ಯ, ಸಾಮಾನ್ಯ ಗೃಹಸ್ಥರ ಮನೆಯಲ್ಲಿ ನೆನೆಯುವಂತಹುದು ಏನಿದೆ ಎಂದು ಯಾರೂ ಭಾವಿಸಬಾರದು. ಹಳ್ಳಿಯ ಜೈನ ಮನೆಗಳ ಬೆಳಗನ್ನು ಸ್ಮರಿಸಿರಿ. ಅಜ್ಜಿಯು ಕೊಡದ ಬಾಯಿಗೆ ಮಡಿಸಿದ ಬಟ್ಟೆಯನ್ನು ಕಟ್ಟಿ ನೀರನ್ನು ಸೋಸುತ್ತಿದ್ದಳು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳು ಸಾಯದಂತೆ, ಅದನ್ನು ಅದೇ ಬಾವಿಯ ನೀರಿನಿಂದ ತೊಳೆದು ಮೆಲ್ಲನೆ ಬಾವಿಗೇ ಇಳಿಸುತ್ತಿದ್ದಳು. ಕಣ್ಣಿಗೆ ಕಾಣದ ಜೀವದ ಮೇಲೂ ದಯೆ ಬೇಕೆಂಬುದನ್ನು ಮೊಮ್ಮಕ್ಕಳು ಕಲಿತದ್ದು ಆ ಬಾವಿಕಟ್ಟೆಯಲ್ಲಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕೆಂದು ತಾಯಿ ಹಗಲೇ ಒಲೆ ಹೊತ್ತಿಸುತ್ತಿದ್ದಳು; ಅಷ್ಟಮಿ ಚತುರ್ದಶಿಗಳಂದು ತಾನು ಉಪವಾಸವಿದ್ದೂ ಮಕ್ಕಳಿಗೆ ಬಡಿಸುತ್ತಿದ್ದಳು. ತಂದೆಯು ಅಂಗಡಿಯ ಬಾಗಿಲು ತೆರೆದೊಡನೆ ಣಮೋಕಾರವನ್ನು ಹೇಳಿ ತಕ್ಕಡಿಯ ಬಟ್ಟಲುಗಳನ್ನು ಒರೆಸುತ್ತಿದ್ದನು. ಕಡಿಮೆ ತೂಕದಲ್ಲಿ ಕೊಡುವುದು, ಹೆಚ್ಚು ತೂಕದಲ್ಲಿ ಕೊಳ್ಳುವುದು, ಒಳ್ಳೆಯ ಮಾಲಿನಲ್ಲಿ ಕೆಟ್ಟದ್ದನ್ನು ಬೆರೆಸುವುದು ಅಚೌರ್ಯವ್ರತದ ಅತಿಚಾರಗಳೆಂದು ಶಾಸ್ತ್ರವು ಹೇಳುತ್ತದೆ. ಆ ಸಂಸ್ಕೃತ ಸೂತ್ರವನ್ನು ಓದದ ಹುಡುಗನೂ ತಂದೆಯ ಕೈ ಮುಳ್ಳು ನಿಲ್ಲುವವರೆಗೆ ಕಾಯುವುದನ್ನು ನೋಡಿ ಅದನ್ನು ಅರಿತನು. ಇಂದಿನ ಅನೇಕ ಅಂಗಡಿಗಳ ಒಳ್ಳೆಯ ಹೆಸರಿಗೆ ಅಂತಹ ತಂದೆಯ ತಾಳ್ಮೆಯೇ ಮೂಲ ಬಂಡವಾಳ. ಯಾವ ಖಾತೆಪುಸ್ತಕದಲ್ಲಿಯೂ ಅದನ್ನು ಜಮಾ ಮಾಡಿಲ್ಲ.

ಇಂದು ಸ್ಮರಣೆಯ ವಾಡಿಕೆಗೆ ಕೊರತೆಯಿಲ್ಲ. ಬಸದಿಯ ಬೀಸಣಿಗೆಯ ಮೇಲೆ, ಊಟದ ತಟ್ಟೆಯ ಅಂಚಿನಲ್ಲಿ, ಕಲ್ಲುಬೆಂಚಿನ ಬೆನ್ನಿನಲ್ಲಿ ಇಂಥವರ ಸ್ಮರಣಾರ್ಥ ಎಂದು ಬರೆಸಿರುತ್ತಾರೆ. ದಾನವು ಸ್ತುತ್ಯವೇ. ಆದರೆ ಹೆಸರು ಬರೆಸಿದ ಮಗನನ್ನು, ನಿಮ್ಮ ತಂದೆಯವರು ಹೇಗಿದ್ದರು, ಅವರಿಂದ ನೀವು ಏನನ್ನು ಕಲಿತಿರಿ ಎಂದು ಕೇಳಿದರೆ ಎರಡು ಮಾತು ದೊರೆಯುವುದೇ? ಅಜ್ಜಿಯ ತವರು ಯಾವುದು, ಆಕೆ ಯಾವ ನೋಂಪಿಯನ್ನು ನೋಂತಳು ಎಂಬುದು ಮೊಮ್ಮಗಳಿಗೆ ಗೊತ್ತೇ? ಪೋಚಿಕಬ್ಬೆಯು ಒಂಬೈನೂರು ವರ್ಷ ಕಳೆದರೂ ಮಗನ ಶಾಸನದಲ್ಲಿ ಬದುಕಿದ್ದಾಳೆ. ಅನೇಕ ಮನೆಗಳ ತಾಯಂದಿರು ಮೂರನೆಯ ತಲೆಮಾರಿಗೆ ಹೆಸರಿಲ್ಲದೆ ಹೋಗುತ್ತಿದ್ದಾರೆ.

ಇದಕ್ಕಿಂತ ಕಠಿಣವಾದ ಮಾತೊಂದಿದೆ. ಧರ್ಮಸಭೆಯಾದ್ದರಿಂದ ಅದನ್ನು ಮುಚ್ಚಿಡಲಾಗದು. ವೃದ್ಧರಾದ ತಾಯಿತಂದೆಗಳ ಔಷಧದ ಚೀಟಿಯನ್ನು ನೋಡಿ ಮುಖ ಗಂಟಿಕ್ಕಿದವರು, ಅವರು ಹೋದ ಮೇಲೆ ಅಮೃತಶಿಲೆಯ ಫಲಕವನ್ನು ಹಾಕಿಸಿದರೆ ಜಮಾಖರ್ಚು ಸರಿಹೊಂದುವುದಿಲ್ಲ. ಪಟ್ಟಣದಲ್ಲಿ ನೆಲೆಸಿದ ಮಗನು ಈ ಮಹೋತ್ಸವಕ್ಕೆ ದೊಡ್ಡ ಮೊತ್ತವನ್ನು ಬರೆಸಿದ್ದರೂ, ಇದೇ ಊರಿನ ಹಳೆಯ ಮನೆಯಲ್ಲಿ ಕುಳಿತ ತಾಯಿಯ ಬಳಿ ಒಂದು ಗಳಿಗೆ ಕೂರದೆ ಮರಳಿದರೆ, ಆ ದಾನದಲ್ಲಿ ಕೊರತೆಯೊಂದು ಉಳಿದಂತೆಯೇ. ಗಂಗರಾಜನು ಪರಮ ಗ್ರಾಮವನ್ನು ಬೇಡಿದುದು ತಾಯಿ ಜೀವಿಸಿದ್ದಾಗ ಎಂಬುದನ್ನು ಎಲ್ಲರೂ ನೆನಪಿಡಬೇಕು.

ಆದುದರಿಂದ ಈ ಪ್ರತಿಷ್ಠೆಯ ಸಂದರ್ಭದಲ್ಲಿ ಪ್ರತಿಯೊಂದು ಕುಟುಂಬವೂ ಒಂದು ಚಿಕ್ಕ ನಿಯಮವನ್ನು ಕೈಗೊಳ್ಳಲಿ. ಇಂದು ಮನೆಗೆ ಮರಳಿದ ಮೇಲೆ ಹಿರಿಯರ ಹತ್ತಿರ ಕುಳಿತು, ಅವರು ತಮ್ಮ ತಂದೆತಾಯಿಗಳಿಂದ ಏನನ್ನು ಪಡೆದರೆಂದು ಕೇಳಿರಿ. ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಶಿಲಾಶಾಸನವೇ ಆಗಬೇಕೆಂದಿಲ್ಲ, ಹಳೆಯ ರೋಜುಕೀರ್ದಿಯ ಖಾಲಿ ಹಾಳೆಯಾದರೂ ಸಾಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳೂ ಇರಲಿ. ಆಮೇಲೆ ಆ ನೆನಪುಗಳಲ್ಲಿ ಒಂದನ್ನು ನಡೆಸಿಕೊಂಡು ಬನ್ನಿರಿ. ಅಜ್ಜಿಯ ನೀರಿನ ಬಟ್ಟೆಯಾಗಲಿ, ತಂದೆಯ ತಕ್ಕಡಿಯಾಗಲಿ, ಹಸಿದು ಬಂದವನಿಗೆ ತಾಯಿ ತೆಗೆದಿಡುತ್ತಿದ್ದ ಒಂದು ತುತ್ತಾಗಲಿ, ಒಂದನ್ನಾದರೂ ನಿಲ್ಲಗೊಡಬೇಡಿರಿ.

ಪ್ರತಿಷ್ಠೆ ಮುಗಿದ ನಾಳೆ ಚಪ್ಪರವನ್ನು ಬಿಚ್ಚುತ್ತಾರೆ, ವಾದ್ಯಗಳು ಮೌನವಾಗುತ್ತವೆ. ನಿತ್ಯಾಭಿಷೇಕಕ್ಕೆ ನೀರು ತರುವ ಕೈಗಳು ಬೇಕಾಗುತ್ತವೆ. ತಂದೆತಾಯಿಗಳ ಕೈಹಿಡಿದು ಮೊದಲ ಬಾರಿ ಬಸದಿಯ ಹೊಸ್ತಿಲನ್ನು ದಾಟಿದ ದಿನವನ್ನು ನೆನೆದು, ಪ್ರತಿಯೊಬ್ಬರೂ ನಾಳೆ ಒಂದು ಮಗುವಿನ ಕೈಹಿಡಿದು ಇಲ್ಲಿಗೆ ಕರೆತರಲಿ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.