ನಿಂತುಹೋದ ಖಾತೆಗೆ ಮತ್ತೆ ಜೀವ: ಒಂದು ವಿಚಿತ್ರ ಕಾಮಿಕ್ಸ್‌ನ ಕಥೆ



ನಾನು ಬ್ಯಾಂಕ್ ಗುಮಾಸ್ತ, ಬಿಕಾಂ ಓದಿದವ. ಸಾಹಿತ್ಯದ ಭಾಷಣ ನನ್ನಿಂದಾಗದು ಅಂದೆ. ಹಾಗಾದ್ರೆ ನೀವು ಓದುವ ಕಾಮಿಕ್ಸ್ ಬಗ್ಗೆಯೇ ಹೇಳಿ ಅಂದ್ರು. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವ ನಾನು. ಲೋಕ ಕಾಯುವ ಒಂದು ಇಲಿ! ವಿಚಿತ್ರ ಹೀರೋಗಳ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಇವತ್ತಿನ ವಿಷಯ ಅಮೆರಿಕದ ಡಿಸಿ ಕಂಪನಿಯ 'ಡೂಮ್ ಪಟ್ರೋಲ್'. ಪೆಟ್ರೋಲ್ ಅಲ್ಲ ಮಾರಾಯ್ರೇ, ಪಟ್ರೋಲ್.

ಶುರುವಾದದ್ದು 1963ರಲ್ಲಿ. ಕಥೆ ಆರ್ನಾಲ್ಡ್ ಡ್ರೇಕ್ ಮತ್ತು ಬಾಬ್ ಹೇನಿಯವರದು, ಚಿತ್ರ ಬ್ರೂನೋ ಪ್ರೆಮಿಯಾನಿಯವರದು. ಇದರ ಹೀರೋಗಳಿಗೆ ಶಕ್ತಿ ವರವಾಗಿ ಬಂದದ್ದಲ್ಲ, ಅಪಘಾತದಿಂದ ಬಂದದ್ದು. ಕ್ಲಿಫ್ ಸ್ಟೀಲ್ ಕಾರ್ ರೇಸಿನವ. ಅಪಘಾತದಲ್ಲಿ ಉಳಿದದ್ದು ಮೆದುಳು ಮಾತ್ರ. ಅದನ್ನು ಲೋಹದ ಮೈಯೊಳಗೆ ಕೂರಿಸಿದ್ರು. ಪೈಲಟ್ ಲ್ಯಾರಿ ಟ್ರೇನರ್ ವಿಕಿರಣ ತಾಗಿ ಮೈತುಂಬ ಪಟ್ಟಿ ಸುತ್ತಿಕೊಂಡೇ ಬದುಕಬೇಕು. ನಟಿ ರೀಟಾ ಫಾರ್ ಬೆಟ್ಟದಷ್ಟೂ ಆಗ್ತಾಳೆ, ಬೆರಳಷ್ಟೂ ಆಗ್ತಾಳೆ. ಇವರ ಯಜಮಾನ ಗಾಲಿಕುರ್ಚಿಯ ವಿಜ್ಞಾನಿ.

1968ರಲ್ಲಿ, 121ನೇ ಸಂಚಿಕೆಗೆ ಪತ್ರಿಕೆ ನಿಂತಿತು. ಕೊನೆಯ ಕಥೆ ಕೇಳಿ. ಖಳನಾಯಕ ಷರತ್ತು ಹಾಕ್ತಾನೆ: ಒಂದೋ ನೀವು ಸಾಯಬೇಕು, ಇಲ್ಲಾ ಕಾಡ್ಸ್‌ವಿಲ್ ಅನ್ನುವ ಮೀನುಗಾರರ ಊರು ಸಾಯಬೇಕು. ಆ ಊರಲ್ಲಿ ಇದ್ದದ್ದು 14 ಜನ. ಬರೇ 14! ಸಂಖ್ಯೆ ಸಣ್ಣದಿದ್ದರೆ ಕೈಬಿಡುವುದು ನಮಗೇನೂ ಹೊಸ ಸುದ್ದಿ ಅಲ್ಲ. ಇವರು ಕೈಬಿಡಲಿಲ್ಲ. ತಾವೇ ಸತ್ತರು.

ಆಮೇಲೆ 1977ರಲ್ಲಿ ಪಾಲ್ ಕುಪರ್‌ಬರ್ಗ್ ಹೊಸ ತಂಡ ಕಟ್ಟಿದ್ರು. ಹಳಬರಲ್ಲಿ ಉಳಿದವ ಕ್ಲಿಫ್ ಒಬ್ಬನೇ. 1987ರಲ್ಲಿ ಪತ್ರಿಕೆಯೂ ಮತ್ತೆ ಬಂತು. ಹೆಸರು ಇತ್ತು, ಹೊಡೆದಾಟ ಇತ್ತು, ಆದರೆ ಆ ವಿಚಿತ್ರ ಮಾತ್ರ ತೆಳುವಾಗಿತ್ತು. ಹತ್ತರಲ್ಲಿ ಹನ್ನೊಂದನೆಯದು.

1989ರಲ್ಲಿ, 19ನೇ ಸಂಚಿಕೆಯಿಂದ ಸ್ಕಾಟ್ಲೆಂಡಿನ ಗ್ರಾಂಟ್ ಮಾರಿಸನ್ ಬರೆದರು, ರಿಚರ್ಡ್ ಕೇಸ್ ಚಿತ್ರಿಸಿದರು. ಮಾರಿಸನ್ ಹಳೇ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು: ಮೈಯಿಲ್ಲದೆ ಮೆದುಳು ಮಾತ್ರ ಉಳಿದವನ ಪಾಡೇನು? ಅವರ ಕ್ಲಿಫ್ ಮೊದಲು ಕಾಣುವುದು ಮಾನಸಿಕ ಆಸ್ಪತ್ರೆಯಲ್ಲಿ. ಅಲ್ಲೇ ಜೇನ್ ಸಿಗ್ತಾಳೆ; ಅವಳೊಳಗೆ 64 ವ್ಯಕ್ತಿಗಳು, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ. ಮುಂದೆ ಡ್ಯಾನಿ ಬರ್ತಾನೆ. ಡ್ಯಾನಿ ಮನುಷ್ಯ ಅಲ್ಲ, ಒಂದು ಬೀದಿ! ಊರೂರಿಗೆ ಹೋಗಿ ಸದ್ದಿಲ್ಲದೆ ಸೇರಿಕೊಳ್ಳುವ, ಎಲ್ಲೂ ಸಲ್ಲದವರಿಗೆ ಜಾಗ ಕೊಡುವ ಬೀದಿ. 2016ರಲ್ಲಿ ಗಾಯಕ ಜೆರಾರ್ಡ್ ವೇ ಮತ್ತೊಮ್ಮೆ ಶುರು ಮಾಡಿದರು. 2019ರಲ್ಲಿ ಟಿವಿಗೂ ಬಂತು.

ಇದನ್ನು ನನ್ನ ಕೌಂಟರಿನ ಭಾಷೆಯಲ್ಲಿ ಹೇಳ್ತೇನೆ. ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯ ಆಗ್ತದೆ. ಎಬ್ಬಿಸಬೇಕಾದರೆ ಖಾತೆ ನಂಬರ್ ಅದೇ, ಕೆವೈಸಿ ಮಾತ್ರ ಹೊಸತು. 1987ರಲ್ಲಿ ಬಂದದ್ದು ಹಳೇ ಪಾಸ್‌ಬುಕ್. 1989ರಲ್ಲಿ ಖಾತೆದಾರನೇ ಇವತ್ತಿನ ಮುಖ ಹೊತ್ತು ಎದುರು ನಿಂತ. ಇನ್ನೊಂದು ಮಾತು: 10 ವರ್ಷ ಕಳೆದರೆ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗ್ತದೆ. ಆಗಲೂ ಮುಳುಗುವುದಿಲ್ಲ. ಹಕ್ಕುದಾರರು ಬಂದು ಕೇಳಬೇಕು, ಅಷ್ಟೇ.

ನಿಮ್ಮ ಊರಲ್ಲೂ ನಿಂತುಹೋದದ್ದು ಏನೋ ಉಂಟು. ಒಂದು ಕೈಬರಹ ಪತ್ರಿಕೆ, ಒಂದು ನಾಟಕ, ಅಜ್ಜಿಯ ಅರ್ಧಕ್ಕೇ ಬಿಟ್ಟ ಕಥೆ. ಎಬ್ಬಿಸಿ. ಆದರೆ ಹಳೇ ಫೋಟೋ ಅಂಟಿಸಬೇಡಿ. ಚಿತ್ರ ಬರುವವರು ಚಿತ್ರ ಬರೆಯಿರಿ, ಮಾತು ಬರುವವರು ಮಾತು ಬರೆಯಿರಿ, ನಿಮ್ಮ ಬೀದಿಯ ಕನ್ನಡದಲ್ಲೇ. ಓದುವವರು 14 ಜನವಾದರೂ ಸಾಕು.