ಜೀವಕೋಶದ ಒಳಗಿನ ಕೆಡವುವ ಕೆಲಸ



ಹಳೆಯ ನೆನಪುಗಳನ್ನು ಹೇಳುವವರು ಇವತ್ತು ಬಹಳ ಮಂದಿ ಇದ್ದಾರೆ. ನನಗೆ ಮುಖ್ಯೋಪಾಧ್ಯಾಯರು ಒಪ್ಪಿಸಿದ ಕೆಲಸ ಬೇರೆ. "ಇಷ್ಟು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿದ್ದೀರಿ ಸಾರ್, ಯಾರಾದರೂ ಒಬ್ಬ ವಿಜ್ಞಾನಿಯ ವಿಷಯ ಹೇಳಿ. ಹತ್ತನೇ ತರಗತಿಯವರಿಗೆ ತಿಳಿಯಬೇಕು, ಊರಿನವರು ಎದ್ದು ಹೋಗಬಾರದು" ಎಂದರು. ಎರಡನೆಯ ಷರತ್ತು ಕಷ್ಟದ್ದು. ಪ್ರಯತ್ನ ಮಾಡುತ್ತೇನೆ.

ನಾನು ಆರಿಸಿಕೊಂಡವರು ಅವ್ರಾಮ್ ಹೆರ್ಷ್ಕೊ. 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರು. ನಮ್ಮ ದೇಹದ ಕೋಶಗಳು ತಮ್ಮದೇ ಪ್ರೋಟೀನುಗಳನ್ನು ಹೇಗೆ ಒಡೆದುಹಾಕುತ್ತವೆ ಎಂಬ ಒಂದೇ ಪ್ರಶ್ನೆಯ ಹಿಂದೆ ಹೆಚ್ಚುಕಡಿಮೆ ಇಡೀ ಜೀವಮಾನ ಹೋದವರು.

ಪ್ರೋಟೀನ್ ಎಂದ ಕೂಡಲೇ ನಮಗೆ ಬೇಳೆ, ಮೊಟ್ಟೆ ನೆನಪಾಗುತ್ತವೆ. ತಿಂದ ಪ್ರೋಟೀನು ಹೊಟ್ಟೆಯಲ್ಲಿ ಕರಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ದೇಹ ತಾನೇ ಕಟ್ಟಿಕೊಂಡ ಪ್ರೋಟೀನನ್ನೂ ದಿನವೂ ಕೆಡವುತ್ತಿರುತ್ತದೆ. ದೊಡ್ಡವರ ಮೈಯಲ್ಲಿ ಒಂದು ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಒಡೆದು, ಹೆಚ್ಚುಕಡಿಮೆ ಅಷ್ಟೇ ಹೊಸದಾಗಿ ಕಟ್ಟಲ್ಪಡುತ್ತದೆ. ನಾವು ಊಟದಲ್ಲಿ ತಿನ್ನುವುದು ಅದರ ಕಾಲು ಭಾಗವೂ ಆಗುವುದು ಕಷ್ಟ. ಹಳೆಯ ಮನೆ ಬಿಚ್ಚಿದಾಗ ಹಂಚು, ತೊಲೆ, ಕಂಬ ಜೋಪಾನವಾಗಿ ತೆಗೆದಿಟ್ಟು ಹೊಸ ಮನೆಗೆ ಹಾಕುತ್ತೇವಲ್ಲ, ಹಾಗೆ. ಎಲ್ಲ ಪ್ರೋಟೀನಿಗೂ ಒಂದೇ ಆಯುಸ್ಸಲ್ಲ. ರಕ್ತದ ಹಿಮೋಗ್ಲೋಬಿನ್ ಕೆಂಪುಕಣದ ಜೊತೆಗೆ ಸುಮಾರು 120 ದಿನ ಬಾಳುತ್ತದೆ. ಕಣ್ಣಿನ ಮಸೂರದ ಪ್ರೋಟೀನುಗಳು ಹುಟ್ಟಿದಂದಿನಿಂದ ಸಾಯುವತನಕ ಇರುತ್ತವೆ. ಇನ್ನು ಕೆಲವು, ನಾನು ಈ ಭಾಷಣ ಮುಗಿಸುವಷ್ಟರಲ್ಲಿ ಹುಟ್ಟಿ ಸತ್ತಿರುತ್ತವೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಯಾರು ತೀರ್ಮಾನಿಸುತ್ತಾರೆ? ಹೆರ್ಷ್ಕೊ ಅವರ ಪ್ರಶ್ನೆ ಇದು.

ಮೊದಲು ಅವರ ಹುಟ್ಟೂರಿನ ಮಾತು. 1937ರ ಡಿಸೆಂಬರ್ 31ರಂದು ಹಂಗೇರಿಯ ಕಾರ್ಟ್ಸಗ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದರು. ತಂದೆ ಅಲ್ಲಿನ ಯಹೂದಿ ಶಾಲೆಯ ಮೇಷ್ಟ್ರು. ಯುದ್ಧ ಬಂತು. ತಂದೆಯನ್ನು ಬಲವಂತದ ಕೂಲಿಗೆ ಹಿಡಿದುಕೊಂಡು ಹೋದರು, ಆಮೇಲೆ ಅವರು ರಷ್ಯನ್ನರ ಸೆರೆಯಾದರು. 1944ರಲ್ಲಿ ಊರಿನ ಯಹೂದಿಗಳನ್ನೆಲ್ಲ ಒಂದೆಡೆ ಕೂಡಿ ರೈಲಿಗೆ ತುಂಬಿದರು. ಆಗ ಈ ಹುಡುಗನಿಗೆ ಆರು ವರ್ಷ. ಹೆಚ್ಚಿನ ರೈಲುಗಳು ಹೋದದ್ದು ಆಶ್‌ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ. ಕೆಲವು ಮಾತ್ರ ಆಸ್ಟ್ರಿಯಾಕ್ಕೆ, ಕೂಲಿ ಕೆಲಸಕ್ಕೆ ಹೋದವು. ತಾಯಿ, ಅಣ್ಣ ಮತ್ತು ಈ ಹುಡುಗ ಇದ್ದ ರೈಲು ಆಸ್ಟ್ರಿಯಾಕ್ಕೆ ಹೋಯಿತು. ಹಾಗಾಗಿ ಬದುಕಿದರು. ತಂದೆ ಯುದ್ಧ ಮುಗಿದ ಮೇಲೆ ಮರಳಿ ಬಂದರು. 1950ರಲ್ಲಿ ಕುಟುಂಬ ಇಸ್ರೇಲಿಗೆ ಹೋಗಿ ಜೆರುಸಲೇಮಿನಲ್ಲಿ ನೆಲೆಸಿತು. ತಂದೆ ಮತ್ತೆ ಮೇಷ್ಟ್ರಾದರು, ಮಕ್ಕಳಿಗಾಗಿ ಗಣಿತದ ಪಠ್ಯಪುಸ್ತಕಗಳನ್ನು ಬರೆದರು. ಮೇಷ್ಟ್ರುಗಳು ಇಷ್ಟು ಮಂದಿ ಕುಳಿತಿರುವ ಸಭೆಯಲ್ಲಿ ಈ ಮಾತನ್ನು ಬಿಟ್ಟು ಮುಂದೆ ಹೋಗಲಾರೆ.

ಮಗ ವೈದ್ಯಕೀಯ ಓದಿದರು, ಸೈನ್ಯದಲ್ಲಿ ವೈದ್ಯರಾಗಿದ್ದರು, 1969ರಲ್ಲಿ ಪಿಎಚ್.ಡಿ. ಮುಗಿಸಿದರು. ಆಮೇಲೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾರ್ಡನ್ ಟಾಮ್ಕಿನ್ಸ್ ಎಂಬ ವಿಜ್ಞಾನಿಯ ಪ್ರಯೋಗಾಲಯ ಸೇರಿದರು. ಅಲ್ಲಿ ಒಂದು ಕಿಣ್ವ ಹೇಗೆ ತಯಾರಾಗುತ್ತದೆ ಎಂಬುದರ ಮೇಲೆ ಆಗಲೇ ಬಹಳ ಜನ ಕೆಲಸ ಮಾಡುತ್ತಿದ್ದರು. ಡಿ.ಎನ್.ಎ., ಆರ್.ಎನ್.ಎ., ಪ್ರೋಟೀನ್ ತಯಾರಿ, ಇವೇ ಆಗಿನ ಕಾಲದ ದೊಡ್ಡ ಜಾತ್ರೆ. ಹೆರ್ಷ್ಕೊ ಆ ಗುಂಪು ಬಿಟ್ಟು, ಅದೇ ಕಿಣ್ವ ಹೇಗೆ ನಾಶವಾಗುತ್ತದೆ ನೋಡೋಣ ಎಂದು ಹೊರಟರು. ಕೋಶದೊಳಗೆ ಲೈಸೊಸೋಮ್ ಎಂಬ ಚೀಲವಿದೆ, ಹಳೆಯದೆಲ್ಲ ಅದರೊಳಗೆ ಬಿದ್ದು ಕರಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು ಎಂದು ಬಹುಪಾಲು ಜನ ನಂಬಿದ್ದ ಕಾಲ ಅದು.

ಹೆರ್ಷ್ಕೊಗೆ ಅಲ್ಲಿ ಒಂದು ವಿಚಿತ್ರ ಕಂಡಿತು. ಕೋಶದ ಶಕ್ತಿ ಉತ್ಪಾದನೆಯನ್ನು ನಿಲ್ಲಿಸಿದರೆ ಕಿಣ್ವದ ನಾಶವೂ ನಿಂತುಹೋಗುತ್ತಿತ್ತು. ಇದರಲ್ಲೇನು ವಿಚಿತ್ರ ಎನ್ನಬಹುದು. ಯೋಚನೆ ಮಾಡಿ. ಬಾವಿಯಿಂದ ಕೊಡ ಮೇಲೆತ್ತಲು ಬಲ ಬೇಕು. ಕೈಬಿಟ್ಟ ಕೊಡ ಕೆಳಗೆ ಬೀಳಲು ಬಲ ಬೇಕೆ? ಪ್ರೋಟೀನ್ ಕಟ್ಟುವುದು ಏರುದಾರಿ, ಒಡೆಯುವುದು ಇಳಿಜಾರು. ನಮ್ಮ ಜಠರದಲ್ಲಿ ಬೇಳೆಯ ಪ್ರೋಟೀನ್ ಒಡೆಯಲು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯ ಒಂದೂ ಖರ್ಚಾಗುವುದಿಲ್ಲ. ಕೋಶದೊಳಗೆ ಮಾತ್ರ ಯಾಕೆ ಖರ್ಚಾಗಬೇಕು? ಯಕೃತ್ತಿನ ಚೂರುಗಳಲ್ಲಿ ಹೀಗಾಗುತ್ತದೆ ಎಂದು ಸಿಂಪ್ಸನ್ ಎಂಬವರು 1953ರಲ್ಲೇ ಬರೆದಿದ್ದರು. ಓದಿದವರು ಕಡಿಮೆ, ಬೆನ್ನು ಹತ್ತಿದವರು ಇನ್ನೂ ಕಡಿಮೆ.

1970ರ ದಶಕದ ಆರಂಭದಲ್ಲಿ ಹೆರ್ಷ್ಕೊ ಇಸ್ರೇಲಿನ ಹೈಫಾ ಊರಿಗೆ ಬಂದರು. ಟೆಕ್ನಿಯನ್ ಸಂಸ್ಥೆಯಲ್ಲಿ ಆಗಷ್ಟೇ ಶುರುವಾಗಿದ್ದ ವೈದ್ಯಕೀಯ ವಿಭಾಗ. ಆರನ್ ಚೆಹನೋವರ್ ಎಂಬ ತರುಣ ವೈದ್ಯ ಶಿಷ್ಯನಾಗಿ ಸೇರಿದ. ಅವರು ಹಿಡಿದದ್ದು ಮೊಲದ ಎಳೆಯ ಕೆಂಪು ರಕ್ತಕಣಗಳನ್ನು. ಈ ಕಣಗಳಲ್ಲಿ ಲೈಸೊಸೋಮೇ ಇಲ್ಲ, ಆದರೂ ಕೆಟ್ಟ ಪ್ರೋಟೀನ್ ಒಡೆಯುತ್ತದೆ. ಕಣಗಳನ್ನು ಒಡೆದು ತೆಗೆದ ರಸದಲ್ಲೂ ಈ ಕೆಲಸ ನಡೆಯುತ್ತದೆ, ಎ.ಟಿ.ಪಿ. ಹಾಕಿದರೆ ಚುರುಕಾಗುತ್ತದೆ ಎಂದು ಹಾರ್ವರ್ಡಿನ ಆಲ್‌ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಎಟ್ಲಿಂಗರ್ 1977ರಲ್ಲಿ ತೋರಿಸಿದ್ದರು.

ಹೈಫಾದವರು ಆ ರಸವನ್ನು ಎರಡು ಭಾಗ ಮಾಡಿದರು. ಬೇರೆಬೇರೆ ಇಟ್ಟರೆ ಯಾವ ಭಾಗವೂ ಕೆಲಸ ಮಾಡಲಿಲ್ಲ. ಮತ್ತೆ ಕೂಡಿಸಿದರೆ ಮಾಡಿತು. ಅಂದರೆ ಒಂದೇ ಕಿಣ್ವದ ಕೆಲಸ ಇದಲ್ಲ, ಕನಿಷ್ಠ ಇಬ್ಬರು ಆಳು ಬೇಕು. ಮೊದಲ ಭಾಗದಲ್ಲಿ ಹಿಮೋಗ್ಲೋಬಿನ್ ವಿಪರೀತ. ಅದರ ನಡುವೆ ಬೇಕಾದ ವಸ್ತುವನ್ನು ಹೆಕ್ಕುವುದು ಹೇಗೆ? ಅವರು ಮಾಡಿದ್ದು ನಮ್ಮ ಅಡುಗೆಮನೆಯ ಕೆಲಸ, ಕುದಿಸಿಬಿಟ್ಟರು. ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುವಂತೆ ಸಾಮಾನ್ಯ ಪ್ರೋಟೀನು ಬಿಸಿಗೆ ಕೆಡುತ್ತದೆ. ಹಿಮೋಗ್ಲೋಬಿನ್ ಕೆಸರಿನಂತೆ ತಳಕ್ಕೆ ಕೂತಿತು. ಮೇಲಿನ ತಿಳಿ ತೆಗೆದು ಪರೀಕ್ಷಿಸಿದರೆ, ಬೇಕಾದ ವಸ್ತು ಅದರಲ್ಲಿ ಏನೂ ಆಗದೆ ಉಳಿದಿತ್ತು! ಬಿಸಿಗೆ ಬಗ್ಗದ ಒಂದು ಪುಟ್ಟ ಪ್ರೋಟೀನ್. 1978ರಲ್ಲಿ ಇದನ್ನು ಪ್ರಕಟಿಸಿದರು. ಮಕ್ಕಳೇ, ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಒಂದು ಸ್ಪಿರಿಟ್ ದೀಪ ಇದೆ ಎಂಬುದು ನೆನಪಿರಲಿ.

ಅಮೆರಿಕದ ಅರ್ವಿನ್ ರೋಸ್ ಪರಿಚಯವಾದ ಬಗೆ ಹೆರ್ಷ್ಕೊ ಹೇಳಿಕೊಂಡದ್ದು. 1977ರ ಒಂದು ಸಮ್ಮೇಳನದಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಇಬ್ಬರೂ ಒಂದೇ ಮೇಜಿಗೆ ಕೂತರು. ರೋಸ್ ಹೆಸರಾಂತ ಕಿಣ್ವತಜ್ಞ. ಬೇರೆ ಯಾವುದರಲ್ಲಿ ಆಸಕ್ತಿ ಎಂದು ಕೇಳಿದರೆ ಪ್ರೋಟೀನ್ ನಾಶದಲ್ಲಿ ಎಂದರಂತೆ. ಹಾಗಾದರೆ ಏನೂ ಪ್ರಕಟಿಸಿಲ್ಲವಲ್ಲ ಎಂದರೆ, ಪ್ರಕಟಿಸುವಂಥದ್ದೇನೂ ಸಿಕ್ಕಿಲ್ಲ ಎಂದರಂತೆ. ಲೇಖನಗಳ ಎಣಿಕೆ ನೋಡಿ ಬಡ್ತಿ ಕೊಡುವ ಈ ಕಾಲದಲ್ಲಿ ಅಂಥವರಿಗೆ ಕೆಲಸ ಸಿಗುವುದೂ ಅನುಮಾನ.

ಫಿಲಡೆಲ್ಫಿಯಾದಲ್ಲಿ ರೋಸ್ ಅವರಿದ್ದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿ 1979ರಲ್ಲಿ ಗಂಟು ಬಿಚ್ಚಿತು. ಆ ಪುಟ್ಟ ಪ್ರೋಟೀನಿಗೆ ವಿಕಿರಣದ ಗುರುತು ಹಚ್ಚಿ ರಸಕ್ಕೆ ಬಿಟ್ಟಾಗ, ಎ.ಟಿ.ಪಿ. ಇದ್ದರೆ ಅದು ದೊಡ್ಡ ಪ್ರೋಟೀನುಗಳಿಗೆ ಹೋಗಿ ಅಂಟಿತು. ಸುಮ್ಮನೆ ತಾಗಿಕೊಂಡದ್ದಲ್ಲ, ಗಟ್ಟಿ ರಾಸಾಯನಿಕ ಬೆಸುಗೆ. ಸಾಯಬೇಕಾದ ಒಂದೊಂದು ಪ್ರೋಟೀನಿಗೂ ಇಂಥವು ಹಲವು ಅಂಟಿದ್ದವು. ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಮೊದಲು ಗುರುತು ಹಾಕುತ್ತಾರೆ ನೋಡಿ, ಇದೂ ಹಾಗೆಯೇ. ಶಕ್ತಿ ಖರ್ಚಾಗುತ್ತಿದ್ದುದು ಮರ ಬೀಳಿಸಲಿಕ್ಕೆ ಮಾತ್ರವಲ್ಲ, ಇದೇ ಮರ, ಪಕ್ಕದ್ದಲ್ಲ ಎಂದು ಆರಿಸಿ ಗುರುತು ಹಾಕಲಿಕ್ಕೆ. ಸಿಂಪ್ಸನ್ ಬಿಟ್ಟುಹೋದ ಒಗಟಿಗೆ ಉತ್ತರ ಸಿಗಲು 27 ವರ್ಷ ಬೇಕಾಯಿತು. ಮೂವರೂ ಸೇರಿ ಬರೆದ ಲೇಖನಗಳು 1980ರಲ್ಲಿ ಬಂದವು.

ಆ ಪುಟ್ಟ ಪ್ರೋಟೀನು ಬೇರೆಯವರು 1975ರಲ್ಲೇ ಕಂಡು ಯುಬಿಕ್ವಿಟಿನ್ ಎಂದು ಕರೆದದ್ದೇ ಎಂದು ಆಮೇಲೆ ತಿಳಿಯಿತು. ಎಲ್ಲೆಲ್ಲೂ ಇರುವಂಥದ್ದು ಎಂದು ಆ ಹೆಸರಿನ ಅರ್ಥ. ಬರೀ 76 ಅಮೈನೋ ಆಮ್ಲಗಳ ಸರ. ಇಡ್ಲಿ ಅಂಗಡಿಯ ಪಕ್ಕದ ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವ ಯೀಸ್ಟಿನಲ್ಲೂ ನಮ್ಮಲ್ಲೂ ಇರುವ ಈ ಸರಗಳ ನಡುವೆ ಮೂರೇ ಮಣಿಗಳ ವ್ಯತ್ಯಾಸ.

ಗುರುತು ಹಾಕುವುದು ಮೂರು ಹಂತದ ಕಿಣ್ವಗಳ ಕೆಲಸ. ಯಾರನ್ನು ಹಿಡಿಯಬೇಕೆಂದು ಗೊತ್ತಿರುವುದು ಮೂರನೆಯ ಹಂತದವಕ್ಕೆ. ನಮ್ಮಲ್ಲಿ ಅವು ಆರುನೂರಕ್ಕೂ ಹೆಚ್ಚು ಬಗೆ. ಗುರುತು ಬಿದ್ದದ್ದನ್ನು ಪ್ರೋಟಿಯಸೋಮ್ ಎಂಬ ಪೀಪಾಯಿಯಂಥ ಯಂತ್ರ ಒಳಗೆಳೆದು ಚೂರು ಮಾಡುತ್ತದೆ. ಕಬ್ಬಿನ ಗಾಣದ ಹಾಗೆ ಬಾಯಿ ಕಿರಿದು, ಗುರುತಿಲ್ಲದ್ದು ಸುಲಭವಾಗಿ ಒಳಗೆ ಹೋಗುವಂತಿಲ್ಲ. ಯುಬಿಕ್ವಿಟಿನ್ ಮಾತ್ರ ಬಾಗಿಲಲ್ಲೇ ಬಿಚ್ಚಿಕೊಂಡು ಮತ್ತೆ ಕೆಲಸಕ್ಕೆ ಬರುತ್ತದೆ.

ಊರಿನವರಿಗೆ ಇದರಿಂದ ಏನು ಎಂದು ಕೇಳುವ ಹಕ್ಕಿದೆ. ತಾಯಂದಿರು ಸ್ವಲ್ಪ ಗಮನ ಕೊಡಬೇಕು. ನಮ್ಮ ಕೋಶಗಳಲ್ಲಿ ಪಿ53 ಎಂಬ ಕಾವಲುಗಾರ ಪ್ರೋಟೀನ್ ಇದೆ, ಕ್ಯಾನ್ಸರನ್ನು ತಡೆಯುವಂಥದ್ದು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್.ಪಿ.ವಿ. ವೈರಸ್ ಈ ಕಾವಲುಗಾರನಿಗೇ ಸಾವಿನ ಗುರುತು ಬೀಳುವಂತೆ ಮಾಡುತ್ತದೆ. ನಮ್ಮದೇ ಯಂತ್ರ ನಮ್ಮದೇ ಕಾವಲುಗಾರನನ್ನು ಅರೆದುಹಾಕುತ್ತದೆ. ಈ ವೈರಸ್ಸಿಗೆ ಲಸಿಕೆ ಇದೆ, 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡಿಸಿದರೆ ಹೆಚ್ಚು ಪ್ರಯೋಜನ. ಈ ಸಭೆಯಲ್ಲೇ ಆ ವಯಸ್ಸಿನ ಮಕ್ಕಳು ಇದ್ದಾರೆ. ವೈದ್ಯರನ್ನು ಕೇಳಿ, ನಾಚಿಕೆ ಬೇಡ.

ಇನ್ನೊಂದು ಕಡೆ ಆ ಗಾಣವನ್ನೇ ನಿಲ್ಲಿಸುವ ಔಷಧಿ ಬಂತು. ಆಗಲೇ ಹೇಳಿದ ಗೋಲ್ಡ್‌ಬರ್ಗ್, ರೋಗಿಗಳ ಸ್ನಾಯು ಸವೆಯುವುದನ್ನು ತಡೆಯಲೆಂದು ಒಂದು ಕಂಪನಿ ಕಟ್ಟಿದ್ದರು. ಅಲ್ಲಿಂದ ಶುರುವಾದ ಕೆಲಸದಿಂದ ಹುಟ್ಟಿದ ಬೋರ್ಟೆಜೊಮಿಬ್ ಕೊನೆಗೆ ಉಪಯೋಗಕ್ಕೆ ಬಂದದ್ದು ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರಿಗೆ. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನಮಗೆ ಈ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಅದೇ ಕಾಯಿಲೆ ಬಂತು. ಇಲ್ಲಿ ಅನೇಕರಿಗೆ ಗೊತ್ತು. ವಾರವಾರ ಹೊಟ್ಟೆಯ ಚರ್ಮಕ್ಕೆ ಆ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದರು. ನೋಡಲು ಹೋದಾಗ ನನ್ನನ್ನು ಕೂರಿಸಿಕೊಂಡು, "ಇದು ಒಳಗೆ ಹೋಗಿ ಏನು ಮಾಡುತ್ತದಯ್ಯಾ? ಡಾಕ್ಟರಿಗೆ ಪುರುಸೊತ್ತಿಲ್ಲ, ನೀನು ಹೇಳು" ಎಂದರು. ಆ ಕ್ಯಾನ್ಸರ್ ಕೋಶಗಳು ಹಗಲೂ ರಾತ್ರಿ ರಾಶಿರಾಶಿ ಪ್ರೋಟೀನ್ ತಯಾರಿಸುತ್ತವೆ ಸಾರ್, ಕಸವೂ ಅಷ್ಟೇ ಬರುತ್ತದೆ, ಈ ಔಷಧಿ ಕಸ ಅರೆಯುವ ಗಾಣ ನಿಲ್ಲಿಸುತ್ತದೆ, ತಮ್ಮ ಕಸದಲ್ಲೇ ಉಸಿರುಕಟ್ಟಿ ಸಾಯುತ್ತವೆ ಎಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಒಳ್ಳೆಯ ಕೋಶದ ಗಾಣವೂ ನಿಲ್ಲಬೇಕಲ್ಲ?" ಎಂದು ಕೇಳಿದರು. ಎಂ.ಎಸ್ಸಿ. ತರಗತಿಯಲ್ಲಿ ಅಷ್ಟು ಬೇಗ ಆ ಪ್ರಶ್ನೆ ಕೇಳಿದವರು ನನಗೆ ಸಿಕ್ಕಿದ್ದು ಕಡಿಮೆ. ನಿಲ್ಲುತ್ತದೆ ಸಾರ್, ಅದಕ್ಕೇ ನಿಮ್ಮ ಪಾದ ಜೋಮು ಹಿಡಿಯುವುದು, ಅದಕ್ಕೇ ನಡುವೆ ಬಿಡುವು ಕೊಟ್ಟು ಚುಚ್ಚುವುದು ಎಂದೆ. ಕಾಯಿಲೆ ವಾಸಿಯಾಗಲಿಲ್ಲ. ಆದರೆ ನಾಲ್ಕು ವರ್ಷ ಸಿಕ್ಕಿತು. ಆ ನಾಲ್ಕು ವರ್ಷವೂ ಸಂಜೆ ಜಗಲಿಯ ಮೇಲೆ ಹತ್ತನೇ ತರಗತಿಯ ಮಕ್ಕಳಿಗೆ ಪಾಠ ಹೇಳಿದರು. ಹಾಗೆ ಪಾಠ ಹೇಳಿಸಿಕೊಂಡ ಇಬ್ಬರು ಇವತ್ತು ಊಟದ ಉಸ್ತುವಾರಿಯಲ್ಲಿದ್ದಾರೆ.

ಹೆರ್ಷ್ಕೊ ಅಲ್ಲಿಗೇ ನಿಲ್ಲಲಿಲ್ಲ. ಕೋಶ ಎರಡಾಗುವಾಗ ಸೈಕ್ಲಿನ್ ಎಂಬ ಪ್ರೋಟೀನ್ ಸರಿಯಾದ ಹೊತ್ತಿಗೆ ನಾಶವಾಗಬೇಕು. ಅದಕ್ಕೆ ಗುರುತು ಹಾಕುವ ಯಂತ್ರವನ್ನು ಅವರ ಗುಂಪು 1995ರಲ್ಲಿ ಸಮುದ್ರದ ಚಿಪ್ಪುಜೀವಿಯ ಮೊಟ್ಟೆಗಳಲ್ಲಿ ಹಿಡಿಯಿತು. ನೊಬೆಲ್ ಬಂದಾಗ ಅವರಿಗೆ 66 ವರ್ಷ. ಚೆಹನೋವರ್, ರೋಸ್ ಜೊತೆಗೆ ಹಂಚಿಕೊಂಡರು. ಆ ಮೇಲೂ ಹೈಫಾದ ಪ್ರಯೋಗಾಲಯದಲ್ಲಿ ಸ್ವಂತ ಕೈಯಿಂದಲೇ ಪ್ರಯೋಗ ಮಾಡುತ್ತಿದ್ದರು.

ಮಕ್ಕಳಿಗೆ ಪ್ರಶ್ನೆಗಳಿದ್ದರೆ ಊಟ ಮುಗಿಯುವತನಕ ನಾನು ಆ ಹೊಂಗೆ ಮರದ ಕೆಳಗೆ ಇರುತ್ತೇನೆ.