ವಿದ್ಯಾರ್ಥಿ ದೆಸೆಯ ಕೆಲವು ರಸಾನುಭವಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದಿನವೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ನೋಡುವ ಗುಮಾಸ್ತನಿಗೆ ನಾಟಕ, ಸರ್ಕಸ್ಸು, ಪುಸ್ತಕಗಳ ಬಗ್ಗೆ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವಿಲ್ಲ, ಋಣವಿದೆ. ಅದನ್ನಷ್ಟು ಇಂದು ಒಪ್ಪಿಸುತ್ತೇನೆ.

ಬಿ.ಕಾಂ. ಓದಲೆಂದು ಗದಗಿನಿಂದ ಪುಣೆಗೆ ಬಂದಾಗ ನನ್ನ ಮರಾಠಿ ಅಷ್ಟಕ್ಕಷ್ಟೆ. ಕೋಣೆಯ ಗೆಳೆಯನೊಬ್ಬ ಬಾಲಗಂಧರ್ವ ರಂಗಮಂದಿರಕ್ಕೆ 'ಸಂಗೀತ ಸೌಭದ್ರ' ನೋಡಲು ಎಳೆದೊಯ್ದ. ಮಾತು ಅರ್ಧ ತಿಳಿಯಲಿಲ್ಲ, ಹಾಡು ಪೂರ್ತಿ ತಿಳಿಯಿತು. ಸಭಿಕರು 'ವನ್ಸ್ ಮೋರ್' ಎಂದಾಗ ನಾನೂ ಕೂಗಿದೆ. ಆದರೂ ಇದು ಅವರ ಮನೆಯ ಹಬ್ಬ, ನಾನು ಬಾಗಿಲಲ್ಲಿ ನಿಂತವನು ಎಂಬ ಸಂಕೋಚ ಬಿಡಲಿಲ್ಲ.

ಮುಂದೆ ತಿಳಿಯಿತು, ಆ ನಾಟಕ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂದು. ಅವರ 'ಶಾಕುಂತಲ' ಪುಣೆಯಲ್ಲಿ ರಂಗವೇರಿದ್ದು 1880ರ ಅಕ್ಟೋಬರ್ 31ರಂದು. ಅದಕ್ಕೂ ಮೊದಲು, ಕರ್ನಾಟಕದ ಭಾಗವತರ ಮೇಳವೊಂದರ ಆಟ ನೋಡಿ ಮೆಚ್ಚಿದ ಸಾಂಗಲಿಯ ಅರಸರು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದರು. ಮರಾಠಿ ನಾಟಕಗಳ ಭರಾಟೆ ಕಂಡು ನಮ್ಮ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಬರೆದು ಮಂಡಳಿ ಕಟ್ಟಿದರು. ಕೊಟ್ಟುದೂ ಉಂಟು, ಪಡೆದುದೂ ಉಂಟು. ಬಾಗಿಲಲ್ಲೇ ನಿಲ್ಲಬೇಕಿಲ್ಲ, ಒಳಗೆ ಹೋಗಬಹುದೆಂದು ಧೈರ್ಯವಾಯಿತು.

ಎರಡನೆಯ ವರ್ಷ ಒಂದು ವಿಷಯದಲ್ಲಿ ನಪಾಸಾದೆ. ಊರಿಗೆ ತಿಳಿಸದೆ, ಮೆಸ್ಸಿನ ಹಣದಲ್ಲಿ ಸರ್ಕಸ್ಸಿಗೆ ಹೋದೆ. ಹುಲಿ-ಸಿಂಹಗಳ ಆಟಕ್ಕೆ 1998ರ ಸರಕಾರಿ ಆಜ್ಞೆಯಿಂದ ತಡೆ ಬಿದ್ದಿತ್ತು. ಉಳಿದದ್ದು ಮನುಷ್ಯರ ಸಾಹಸ. ಜೋಕಾಲಿಯಿಂದ ಜೋಕಾಲಿಗೆ ಹಾರುವಾಗ ಒಬ್ಬ ಹುಡುಗಿ ಕೈತಪ್ಪಿ ಬಲೆಗೆ ಬಿದ್ದಳು. ಡೇರೆಯೆಲ್ಲ ಉಸಿರು ಬಿಗಿಹಿಡಿಯಿತು. ಆಕೆ ಎದ್ದು ಮೈ ಕೊಡವಿ, ಏಣಿ ಹತ್ತಿ, ಮತ್ತೆ ಹಾರಿದಳು. ಆ ರಾತ್ರಿಯೇ ತಂದೆಯವರಿಗೆ ಫೋನು ಮಾಡಿ ನಿಜ ಹೇಳಿದೆ. ಅವರು ಬೈಯಲಿಲ್ಲ. "ಪರೀಕ್ಷಾ ಮತ್ತ ಕಟ್ಟು, ಫೀ ಕಳಸ್ತೀನಿ" ಎಂದರು. ನನ್ನ ಬಲೆ ಗದಗಿನಲ್ಲಿತ್ತು.

ಇನ್ನು ಪುಸ್ತಕದ ಮಾತು. ಅಪ್ಪಾ ಬಳವಂತ ಚೌಕದ ಅಂಗಡಿಯೊಂದರಲ್ಲಿ ಭೈರಪ್ಪನವರ 'ವಂಶವೃಕ್ಷ' ಮರಾಠಿಯಲ್ಲಿ ಸಿಕ್ಕಿತು. ಕನ್ನಡದವನಾಗಿ ಕನ್ನಡದಲ್ಲಿ ಓದಿರಲಿಲ್ಲವೆಂದು ನಾಚಿದೆ. ಅನುವಾದಿಸಿದವರು ಪುಣೆಯ ಉಮಾ ಕುಲಕರ್ಣಿಯವರು. ಇದಕ್ಕಾಗಿ ಅವರಿಗೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯೂ ಬಂದಿತು. ಪತಿ ವಿರೂಪಾಕ್ಷರು ಕನ್ನಡ ಪುಸ್ತಕವನ್ನು ಓದಿ ಧ್ವನಿಮುದ್ರಿಸಿಡುತ್ತಿದ್ದರು, ಇವರು ಅದನ್ನು ಕೇಳಿ ಮರಾಠಿಗೆ ತರುತ್ತಿದ್ದರು. ಪುಸ್ತಕ ಕಿವಿಯಿಂದಲೂ ಒಳಗಿಳಿಯಬಹುದೆಂದು ಇವರಿಂದ ಕಲಿತೆ.

ಈ ಪಾಠ ಈಗ ಮನೆಯಲ್ಲಿ ಉಪಯೋಗಕ್ಕೆ ಬಂದಿದೆ. ನನ್ನ ಎಂಟು ವರ್ಷದ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ದಿನಕ್ಕೊಂದು ಪುಟ ಓದಿ ಹೇಳುತ್ತೇನೆ. ಬ್ಯಾಂಕಿನಲ್ಲಿ ತಡವಾಗುವ ದಿನ ಬೆಳಿಗ್ಗೆಯೇ ಮೊಬೈಲಿನಲ್ಲಿ ಓದಿಟ್ಟು ಹೋಗುತ್ತೇನೆ. ಮೊನ್ನೆ ಅವಳೇ ಪುಸ್ತಕ ಹಿಡಿದು ಬಂದು, "ಅಪ್ಪಾ, ಇದರಾಗ 'ಮಳಿ' ಅಂತ ಎಲ್ಲಿ ಬರದಾರ, ತೋರಿಸು" ಎಂದಳು. ಬೆರಳಿಟ್ಟು ತೋರಿಸಿದೆ.

ತಂದೆ-ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳನ್ನು ನಾಟಕಕ್ಕೆ, ಸರ್ಕಸ್ಸಿಗೆ ಕರೆದೊಯ್ಯಿರಿ, ಅದು ಯಾವ ಭಾಷೆಯದಾದರೂ ಆಗಲಿ. ಮನೆಗೆ ಬಂದ ಮೇಲೆ ಕನ್ನಡದ ಒಂದು ಪುಟ ಓದಿ ಹೇಳಿರಿ. ಈ ಖರ್ಚು ಯಾವ ಲೆಕ್ಕದಲ್ಲೂ ನಷ್ಟವಾಗಿ ಬರುವುದಿಲ್ಲವೆಂದು ಗುಮಾಸ್ತನಾಗಿ ನಾನು ರುಜು ಹಾಕಿ ಕೊಡಬಲ್ಲೆ.